ರಾತ್ರಿ ಪಾಳಿ ನನಗಿರಲಿ

ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಜ್ಜಿಯನ್ನು ಕಂಡರೆ ನಮ್ಮ ಮೈಸೂರಿನ ಕುವೆಂಪುನಗರದಲ್ಲಿ ಜನ ಎರಡು ಥರ ಮಾತಾಡುತ್ತಾರೆ. ಎದುರಿಗೆ, ‘ಪುಣ್ಯ ಮಾಡಿದ್ರಿ ಕಣ್ರೀ, ಫಾರಿನ್ ನೋಡ್ತೀರಿ.’ ಬೆನ್ನ ಹಿಂದೆ, ‘ಪಾಪ, ಸಂಬಳ ಇಲ್ಲದ ಆಯಾ ಕೆಲಸ. ನಾಲ್ಕು ಗೋಡೆ ಮಧ್ಯೆ ಬಿದ್ದಿರಬೇಕು.’ ಎರಡೂ ಸುಳ್ಳು. ಫಾರಿನ್ನನ್ನು ನಾನು ಹೆಚ್ಚೇನೂ ನೋಡಲಿಲ್ಲ. ಗೋಲ್ಡನ್ ಗೇಟ್ ಸೇತುವೆಗೆ ಕರೆದುಕೊಂಡು ಹೋದ ದಿನ ಸೇತುವೆ ಮಂಜಿನೊಳಗೆ ಅಡಗಿತ್ತು. ಮಂಜಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ವಾಪಸ್ ಬಂದೆವು. ಹಾಗಂತ ನಾಲ್ಕು ಗೋಡೆ ಮಧ್ಯೆ ಬಿದ್ದೂ ಇರಲಿಲ್ಲ. ನಾನಲ್ಲಿ ಭರ್ಜರಿ ಮಜಾ ಮಾಡಿದೆ. ಅದು ಮಗಳಿಗೆ ಗೊತ್ತಾಗದ ಹಾಗೆ ನೋಡಿಕೊಂಡೆ. ಅವಳು ಕನ್ನಡ ಪತ್ರಿಕೆ ಓದುವುದಿಲ್ಲ ಅನ್ನುವ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಅಜ್ಜಿಯರ ರಫ್ತು ಯಾಕೆ ನಡೆಯುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು, ಲೆಕ್ಕ ಬಿಟ್ಟು ಮುಂದೆ ಹೋಗಲು ಕೈ ಬರುವುದಿಲ್ಲ. ನಮ್ಮ ದೇಶದಲ್ಲಿ 2017ರ ತಿದ್ದುಪಡಿ ಆದಮೇಲೆ ಮೊದಲೆರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ. ಅಮೆರಿಕದ ಕೇಂದ್ರ ಸರ್ಕಾರದ ಕಾನೂನು 1993ರದ್ದು. ಅದು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ 50 ಜನಕ್ಕಿಂತ ಕಮ್ಮಿ ಇರುವ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ. ಅದರಲ್ಲಿ ಕ್ಯಾಲಿಫೋರ್ನಿಯವೇ ವಾಸಿ: ಹೆರಿಗೆಯಾದ ಮೇಲೆ ಸುಧಾರಿಸಿಕೊಳ್ಳಲು ಆರು ವಾರ, ಸಿಸೇರಿಯನ್ ಆದರೆ ಎಂಟು, ಅದರ ಮೇಲೆ ಮಗುವಿನ ಜೊತೆ ಇರಲು ಇನ್ನೆಂಟು ವಾರ ರಾಜ್ಯ ಸರ್ಕಾರವೇ ಸಂಬಳದ ಒಂದು ಪಾಲು ಕೊಡುತ್ತದೆ. ಎಲ್ಲ ಕೂಡಿದರೂ ನಾಲ್ಕು ತಿಂಗಳು ದಾಟುವುದಿಲ್ಲ. ನಾಲ್ಕು ತಿಂಗಳಿಗೆ ಮಗು ಇನ್ನೂ ಮಗುಚಿಕೊಳ್ಳಲು ಹೆಣಗಾಡುತ್ತಿರುತ್ತದೆ. ಉಳಿದ ದಿನಗಳಿಗೆ ಆ ದೇಶ ಅಜ್ಜಿಯರನ್ನು ಆಮದು ಮಾಡಿಕೊಳ್ಳುತ್ತದೆ. ಟೂರಿಸ್ಟ್ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು ಇರಬಹುದು. ತಾಯಿ ಕಡೆಯ ಅಜ್ಜಿಗೆ ಆರು, ತಂದೆ ಕಡೆಯ ಅಜ್ಜಿಗೆ ಆರು. ಮಗುವಿಗೆ ವರ್ಷ ತುಂಬಿತು, ಲೆಕ್ಕ ಸರಿಹೋಯಿತು.

ಈ ಆಮದಿಗೂ ಒಂದು ಶಿಷ್ಟಾಚಾರವಿದೆ. ವಿಮಾನ ಹತ್ತುವ ಮುಂಚೆ ಮಗಳು ಫೋನಿನಲ್ಲಿ ಪಾಠ ಒಪ್ಪಿಸಿಕೊಂಡಳು: ‘ಅಮ್ಮ, ಆಫೀಸರ್ ಕೇಳಿದ್ರೆ ಕೆಲಸ ಅನ್ಬೇಡ, ಸಹಾಯ ಅನ್ಬೇಡ. ಮೊಮ್ಮಗೂನ ನೋಡೋಕೆ ಬಂದಿದೀನಿ ಅನ್ನು, ಸಾಕು.’ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆಫೀಸರು ಕೇಳಿದ, ನಾನು ಹಾಗೇ ಅಂದೆ. ‘ಮಗುವಿಗೆಷ್ಟು ವಯಸ್ಸು?’ ಅಂದ. ‘ಮುಂದಿನ ತಿಂಗಳು ಹುಟ್ಟುತ್ತೆ’ ಅಂದೆ. ಪುಣ್ಯಾತ್ಮ ನಕ್ಕು ಬೆರಳಚ್ಚು ತೆಗೆದುಕೊಂಡು ಬಿಟ್ಟುಕಳಿಸಿದ. ಹಾಗಾಗಿ ಸರ್ಕಾರದ ಮಟ್ಟಿಗೆ ನಾನು ಅಲ್ಲಿದ್ದಷ್ಟು ದಿನವೂ ಏನೂ ಮಾಡಲಿಲ್ಲ, ಬರೀ ನೋಡಿದೆ.

ಪೆಟ್ಟಿಗೆಯಲ್ಲಿ ಒಣಶುಂಠಿ, ಹಿಪ್ಪಲಿ, ಓಮ, ಅಂಟು, ಜಾಯಿಕಾಯಿ, ಅಳಲೆಕಾಯಿ, ಬಜೆ, ಇವನ್ನು ತೇಯುವ ಕಲ್ಲು, ತೊಳೆದು ತೊಳೆದು ಮೆತ್ತಗಾದ ನಮ್ಮನೆಯವರ ಹಳೇ ಪಂಚೆಗಳು. ಬಜೆ ತೇಯಲು ಕೂತ ದಿನವೇ ಮಗಳು ಫೋನು ಹಿಡಿದುಕೊಂಡು ಬಂದಳು. ಬಜೆಯನ್ನು ಆಹಾರಕ್ಕೆ ಬೆರೆಸುವುದನ್ನು ಅಮೆರಿಕ 1968ರಲ್ಲೇ ನಿಷೇಧಿಸಿದೆಯಂತೆ. ಜೇನುತುಪ್ಪ ವರ್ಷ ತುಂಬುವವರೆಗೆ ಕೂಡದು, ನೀರು ಆರು ತಿಂಗಳವರೆಗೆ ಕೂಡದು, ತಲೆ ದುಂಡಗಾಗಲೆಂದು ನಾನು ಹೊಲಿದು ತಂದಿದ್ದ ರಾಗಿ ದಿಂಬೂ ಕೂಡದು. ಮಗು ಬರೀ ಹಾಸಿಗೆಯ ಮೇಲೆ ಅಂಗಾತ ಮಲಗಬೇಕು. ನಾನು ವಾದಕ್ಕೆ ಹೋಗಲಿಲ್ಲ. ಬಜೆಯನ್ನು ಹೊಟ್ಟೆಗೆ ಹಾಕಬೇಡ ಅಂದರೆ ಸರಿ, ಬಾಗಿಲಿಗೆ ಕಟ್ಟಲು ಯಾವ ಕಾನೂನು ಅಡ್ಡ? ಕಟ್ಟಿದೆ. ರಾಗಿ ದಿಂಬನ್ನು ನನ್ನ ಕುತ್ತಿಗೆಗೇ ಇಟ್ಟುಕೊಂಡೆ. ಸೊಗಸಾದ ನಿದ್ದೆ.

ಆಸ್ಪತ್ರೆಯ ಬಗ್ಗೆ ಹೆಚ್ಚು ಹೇಳಲಾರೆ. ಹೆತ್ತು ಗಂಟೆಯಾಗಿಲ್ಲ, ನರ್ಸಮ್ಮ ದೊಡ್ಡ ಮಗ್ಗಿನಲ್ಲಿ ಐಸು ತುಂಬಿದ ನೀರು ತಂದು ಬಾಣಂತಿಯ ಕೈಗಿಟ್ಟಳು. ನಮ್ಮಮ್ಮ ಬದುಕಿದ್ದು ಆ ದೃಶ್ಯ ನೋಡಿದ್ದರೆ ಅದೇ ಆಸ್ಪತ್ರೆಯಲ್ಲಿ ಅವರಿಗೂ ಒಂದು ಮಂಚ ಬೇಕಾಗುತ್ತಿತ್ತು. ಸಹಜ ಹೆರಿಗೆಗೆ ಕಡೇಪಕ್ಷ 48 ಗಂಟೆ ಆಸ್ಪತ್ರೆ ಖರ್ಚನ್ನು ಇನ್ಶೂರೆನ್ಸ್ ಕೊಡಬೇಕು ಅಂತ 1996ರ ಕಾನೂನು. ಕಡೇಪಕ್ಷ ಅಂದದ್ದನ್ನು ಎಲ್ಲರೂ ಅಷ್ಟೇ ಅಂತ ಓದಿಕೊಂಡಿದ್ದಾರೆ. ಮೂರನೇ ದಿನ ಮನೆಯಲ್ಲಿದ್ದೆವು.

ಇನ್ನು ನನ್ನ ಸುಖಗಳು.

ಮೊದಲನೆಯದು ರಾತ್ರಿಯ ಸುಖ. ಮಗಳ ಮನೆ ಫ್ರೀಮಾಂಟಿನಲ್ಲಿ. ಬೇಸಿಗೆ ಗಡಿಯಾರದಲ್ಲಿ ಅದು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಮೊಮ್ಮಗಳು ಏಳುತ್ತಿದ್ದದ್ದು ರಾತ್ರಿ ಎರಡಕ್ಕೆ, ಅಂದರೆ ಮೈಸೂರಿನ ಮಧ್ಯಾಹ್ನ ಎರಡೂವರೆಗೆ. ಆ ಹೊತ್ತಿಗೆ ಸರಸ್ವತಿಪುರದ ನನ್ನ ತಂಗಿಗೆ ಊಟ ಮುಗಿದಿರುತ್ತದೆ, ಮುಸುರೆಯವಳು ಪಾತ್ರೆ ಬೆಳಗಿ ಹೋಗಿರುತ್ತಾಳೆ, ಭಾವನೋರು ಪೇಪರ್ ಮುಖದ ಮೇಲೆ ಹಾಕಿಕೊಂಡು ಗೊರಕೆಗೆ ಇಳಿದಿರುತ್ತಾರೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಅವಳು ಪೂರ್ತಿ ನನಗೆ ಸಿಗುವುದು ಆಗ ಮಾತ್ರ. ಮೊದಲ ವಾರದಲ್ಲೇ ಈ ಲೆಕ್ಕ ನನ್ನ ತಲೆಗೆ ಹೊಳೆಯಿತು. ಊಟದ ಮೇಜಿನ ಮೇಲೆ ಗಂಭೀರವಾಗಿ ಘೋಷಿಸಿದೆ: ‘ರಾತ್ರಿ ಎರಡರ ಪಾಳಿ ನನಗಿರಲಿ. ನೀವಿಬ್ಬರೂ ನಿದ್ದೆ ಮಾಡಿ.’ ಮಗಳ ಕಣ್ಣಲ್ಲಿ ನೀರು ಬಂತು. ಅಳಿಯ ಹುಬ್ಬಳ್ಳಿಯವರು, ‘ಬ್ಯಾಡ್ರಿ ಅತ್ತಿ, ನಿಮಗ ತ್ರಾಸ ಆಗ್ತೈತಿ’ ಅಂದರು. ನಾನು ಪಟ್ಟು ಬಿಡಲಿಲ್ಲ.

ಮಗಳು ತೆಗೆದಿಟ್ಟ ಹಾಲು ಫ್ರಿಜ್ಜಿನಲ್ಲಿರುತ್ತಿತ್ತು. ಸೀಸೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡಿ, ಮಗುವನ್ನು ಎಡತೋಳಿಗೆ ಹಾಕಿಕೊಂಡು, ಬಲಗಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸೋಫಾದ ಮೂಲೆ ಹಿಡಿದರೆ ನನ್ನ ಸಾಮ್ರಾಜ್ಯ ಶುರು. ನಾನು ಪಿಸುಗುಟ್ಟುವುದು, ಅವಳು ಕೂಗುವುದು. ‘ಅಕ್ಕ, ವಿಷಯ ಗೊತ್ತಾಯ್ತೇನೇ?’ ಅಂತ ಶುರುವಾದರೆ ಯಾರ ಮದುವೆಯಲ್ಲಿ ಚಿರೋಟಿಗೆ ಹಾಲು ಸಾಲಲಿಲ್ಲ, ಯಾರ ಸೊಸೆ ಹಬ್ಬಕ್ಕೆ ನೈಟಿಯಲ್ಲೇ ಆರತಿ ಎತ್ತಿದಳು, ಯಾವ ಸೀರಿಯಲ್ಲಿನಲ್ಲಿ ಸತ್ತವನು ಬದುಕಿ ಬಂದ, ಎಲ್ಲ ಬರುತ್ತಿತ್ತು. ಮೈಸೂರಿನಲ್ಲಿ ನಮ್ಮಿಬ್ಬರ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ಅಲ್ಲಿದ್ದಾಗ ವಾರಕ್ಕೊಮ್ಮೆ ಮಾತಾಡಿದ್ದರೆ ಹೆಚ್ಚು. ಸಮುದ್ರ ದಾಟಿದ ಮೇಲೆ ದಿನಾ ಒಂದು ಗಂಟೆ. ಮೊಮ್ಮಗಳ ಕಿವಿಗೆ ಮೊದಲು ಬಿದ್ದ ಕನ್ನಡ ಜೋಗುಳದ್ದಲ್ಲ, ನಮ್ಮ ದೊಡ್ಡಪ್ಪನ ಮಗನ ಸೈಟಿನ ವ್ಯಾಜ್ಯದ್ದು. ಆ ವ್ಯಾಜ್ಯ ಅರ್ಧಕ್ಕೆ ಬರುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತಿತ್ತು. ಕೋರ್ಟಿನಲ್ಲೂ ಹಾಗೇ ಆಗುತ್ತದಂತೆ.

ಇದರ ಬಡ್ಡಿ ಬೆಳಿಗ್ಗೆ ಸಿಗುತ್ತಿತ್ತು. ಎಂಟು ಗಂಟೆಯವರೆಗೂ ನನ್ನನ್ನು ಯಾರೂ ಎಬ್ಬಿಸುವ ಹಾಗಿಲ್ಲ. ಎದ್ದು ಬಂದರೆ, ‘ಪಾಪ ಅಮ್ಮ, ರಾತ್ರಿಯೆಲ್ಲ ಎದ್ದಿರ್ತೀಯ, ಕೂತ್ಕೋ’ ಅನ್ನುವಳು ಮಗಳು. ಅಳಿಯ ಫಿಲ್ಟರ್ ಕಾಫಿ ತಂದು ಕೈಗೆ ಕೊಡುವರು. ನಮ್ಮ ಮನೆಯಲ್ಲಿ ಕಾಫಿ ಅಂದರೆ ನಾನು ಬೇರೆಯವರಿಗೆ ಕೊಡುವ ಪದಾರ್ಥ. ನನ್ನದು ಯಾವಾಗಲೂ ಒಲೆಯ ಪಕ್ಕದಲ್ಲಿ ಆರುತ್ತಿರುತ್ತದೆ. ಇಲ್ಲಿ ಬಿಸಿ ಕಾಫಿ, ಮೇಲೆ ನೊರೆ, ಕೊಡುವವರ ಮುಖದಲ್ಲಿ ಕೃತಜ್ಞತೆ. ಡಿಕಾಕ್ಷನ್ ಸ್ವಲ್ಪ ತೆಳು. ನಾನು ಅನ್ನಲಿಲ್ಲ. ಇಷ್ಟು ತ್ಯಾಗ ಮಾಡಿದವಳು ಡಿಕಾಕ್ಷನ್ ಬಗ್ಗೆ ತಕರಾರು ಎತ್ತಬಾರದು.

ಎರಡನೆಯದು ಎರೆಯುವ ಸುಖ. ಹೊಕ್ಕಳಬಳ್ಳಿ ಬೀಳುವವರೆಗೂ ಬರೀ ಒದ್ದೆ ಬಟ್ಟೆಯಲ್ಲಿ ಒರೆಸಿ ಅಂದಿದ್ದರು ಡಾಕ್ಟರು. ಬಳ್ಳಿ ಬಿದ್ದ ಮಾರನೇ ದಿನವೇ ಸ್ನಾನದ ಟಬ್ಬಿನೊಳಗೆ ಕುಳ್ಳು ಸ್ಟೂಲು ಹಾಕಿಕೊಂಡು ಕೂತೆ. ಕಾಲು ನೀಡಿ, ಸೀರೆ ಮೊಣಕಾಲಿಗೆ ಎತ್ತಿ, ಮಗುವನ್ನು ಕಣಕಾಲಿನ ಮೇಲೆ ಮಲಗಿಸಿಕೊಂಡೆ. ಅಳಿಯ ಬಾಗಿಲಲ್ಲಿ ನಿಂತಿದ್ದರು. ಬಕೆಟ್ಟಿನಲ್ಲಿ ಒಂದು ಹಳದಿ ಪ್ಲಾಸ್ಟಿಕ್ ಬಾತುಕೋಳಿ ತೇಲುತ್ತಿತ್ತು. ಅದರ ಹೊಟ್ಟೆಯಲ್ಲಿ ಥರ್ಮಾಮೀಟರ್ ಇದೆಯಂತೆ, ನೀರು ಹೆಚ್ಚು ಬಿಸಿಯಾದರೆ ಕೆಂಪು ದೀಪ. ನಾನು ಮೊಣಕೈ ಅದ್ದಿ, ‘ಸರಿಯಿದೆ’ ಅಂದೆ. ಅವರು ಬಗ್ಗಿ ಬಾತುಕೋಳಿಯ ಹೊಟ್ಟೆ ನೋಡಿ, ‘ಮೂವತ್ತೇಳು ಡಿಗ್ರಿ, ಬರೋಬ್ಬರಿ ಐತ್ರಿ ಅತ್ತಿ’ ಅಂದರು. ಒಂದು ವಾರ ಹೀಗೇ ನನ್ನ ಮೊಣಕೈಗೂ ಬಾತುಕೋಳಿಗೂ ಪರೀಕ್ಷೆ ನಡೆಯಿತು. ಒಂದು ದಿನವೂ ಭಿನ್ನಾಭಿಪ್ರಾಯ ಬರಲಿಲ್ಲ. ಎಂಟನೇ ದಿನದಿಂದ ಬಾತುಕೋಳಿ ಕಪಾಟು ಸೇರಿತು.

ನಲ್ಲಿ ತಿರುಗಿಸಿದರೆ ಸುಡುನೀರು. ನಾನು ಬಾಣಂತನ ಮಾಡಿಸಿಕೊಂಡಾಗ ನಮ್ಮಮ್ಮ ಬೆಳಗಿನ ಜಾವ ಎದ್ದು ಹಂಡೆಗೆ ತೆಂಗಿನ ಮಟ್ಟೆ ತುರುಕಿ ಹೊಗೆ ಊದಿ ಕಣ್ಣು ಕೆಂಪು ಮಾಡಿಕೊಳ್ಳುತ್ತಿದ್ದರು. ನನ್ನ ಕಣ್ಣು ಕೆಂಪಾಗಲಿಲ್ಲ. ಎಣ್ಣೆ ಹಚ್ಚಿದ ಪುಟ್ಟ ಬೆನ್ನಿನ ಮೇಲೆ ಚೊಂಬಿನಿಂದ ನೀರು ಹುಯ್ದಾಗ ಅದು ಉಸಿರು ಬಿಗಿಹಿಡಿದು, ಆಮೇಲೆ ‘ಹ್ಞಾ’ ಅಂತ ಬಿಟ್ಟು, ಮೈಯೆಲ್ಲ ಸಡಿಲ ಮಾಡಿ ನನ್ನ ಪಾದದ ಮೇಲೆ ಕೆನ್ನೆಯಿಟ್ಟು ಒರಗುತ್ತಿತ್ತು. ಅದಕ್ಕಿಂತ ದೊಡ್ಡ ಸುಖ ಯಾವುದಾದರೂ ಇದ್ದರೆ ಯಾರಾದರೂ ಬರೆದು ತಿಳಿಸಲಿ. ಎರೆದ ಮೇಲೆ ಸಾಂಬ್ರಾಣಿ. ಸಾಂಬ್ರಾಣಿ ಹೊಗೆಗೆ ಅಲಾರಂ ಕಿರುಚಿದ ಕಥೆಯನ್ನು ಅಮೆರಿಕಕ್ಕೆ ಹೋದ ಪ್ರತಿ ಅಜ್ಜಿಯೂ ಹೇಳುತ್ತಾಳೆ, ನಾನು ಹೇಳುವುದಿಲ್ಲ. ಕಿರುಚಿತು, ಅಷ್ಟೆ.

ಬಟ್ಟೆ ಒಗೆಯುವ ಮಾತೇ ಇಲ್ಲ, ಡೈಪರು. ನಮ್ಮನೆಯವರ ಪಂಚೆಗಳು ಪೆಟ್ಟಿಗೆಯಲ್ಲೇ ಉಳಿದವು. ಮರಿಯನ್ ಡೊನೊವನ್ ಅನ್ನುವ ಹೆಣ್ಣುಮಗಳು ಮಗುವಿನ ಒದ್ದೆ ಬಟ್ಟೆ ಬದಲಾಯಿಸಿ ಸಾಕಾಗಿ ಬಚ್ಚಲಮನೆಯ ಪರದೆ ಕತ್ತರಿಸಿ ನೀರು ಸೋರದ ಚಡ್ಡಿ ಹೊಲಿದಳಂತೆ. ಅದಕ್ಕೆ 1951ರಲ್ಲಿ ಪೇಟೆಂಟ್ ಸಿಕ್ಕಿತು. ಈಗಿನ ಡೈಪರಿಗೆ ಅದೇ ಪೀಠಿಕೆ. ದೇವರ ಮನೆಯಲ್ಲಿ ಇಷ್ಟೊಂದು ಫೋಟೋ ಇಟ್ಟುಕೊಂಡಿದ್ದೇವೆ, ಈಕೆಯದೊಂದು ಇಟ್ಟರೆ ತಪ್ಪೇನು ಅಂತ ಮಗಳನ್ನು ಕೇಳಿದೆ. ಅವಳು ನಕ್ಕಳು. ಲಂಗೋಟ ಒಗೆದವಳಲ್ಲ, ಅವಳಿಗೇನು ಗೊತ್ತು.

ಡೈಪರು ಬಂತು, ಜೊತೆಗೆ ಅದರ ಲೆಕ್ಕವೂ ಬಂತು. ಫೋನಿನಲ್ಲಿ ಒಂದು ಆ್ಯಪ್: ಮಗು ಎಷ್ಟು ಹೊತ್ತಿಗೆ ಎಷ್ಟು ಕುಡಿಯಿತು, ಒಂದಕ್ಕೆಷ್ಟು ಸಲ, ಎರಡಕ್ಕೆಷ್ಟು ಸಲ, ಬಣ್ಣ ಯಾವುದು, ಎಲ್ಲ ದಾಖಲೆ. ಅಳಿಯ ಒಳ್ಳೆಯ ಮನಸ್ಸಿನಿಂದ ಅದನ್ನು ಹುಬ್ಬಳ್ಳಿಯಲ್ಲಿದ್ದ ತಮ್ಮ ತಾಯಿಯ ಫೋನಿಗೂ ಜೋಡಿಸಿಕೊಟ್ಟಿದ್ದರು. ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ನನ್ನ ಕಾಫಿ ಇನ್ನೂ ಗಂಟಲಿಗಿಳಿದಿರುವುದಿಲ್ಲ, ಬೀಗಿತ್ತಿಯ ಫೋನು: ‘ಏನ್ರಿ ಅಕ್ಕಾರ, ಕೂಸು ನಿನ್ನಿಯಿಂದ ಎರಡಕ್ಕ ಹೋಗಿಲ್ಲಂತಲ್ರಿ? ಹೊಕ್ಕಳಕ್ಕ ಹಿಂಗು ಹಚ್ಚಿದ್ರಿಲ್ಲೊ?’ ನಾನು, ‘ಹಚ್ಚಿದೆ ಕಣ್ರೀ’ ಅನ್ನುವೆ. ಹಚ್ಚಿರಲಿಲ್ಲ. ಆ್ಯಪ್‌ನಲ್ಲಿ ಹಿಂಗಿಗೆ ಕಾಲಂ ಇಲ್ಲ, ಅವರಿಗೆ ಪತ್ತೆಯಾಗುವುದಿಲ್ಲ.

ಹತ್ತು ಗಂಟೆಗೆ ಕೆರೆ. ಫ್ರೀಮಾಂಟಿನ ಸೆಂಟ್ರಲ್ ಪಾರ್ಕಿನಲ್ಲಿ ಲೇಕ್ ಎಲಿಜಬೆತ್ ಇದೆ, ಸುತ್ತು ಹಾಕಿದರೆ ಸುಮಾರು ಎರಡು ಮೈಲಿ, ಆಚೆ ಮಿಷನ್ ಪೀಕ್ ಬೆಟ್ಟ. ಬ್ರಿಟನ್ ರಾಣಿಯ ಹೆಸರನ್ನು ಇವರು ಯಾಕಿಟ್ಟರು ಅಂತ ನನಗೆ ಕುತೂಹಲ. ವಿಚಾರಿಸಿದರೆ, ಫ್ರೀಮಾಂಟಿಗೆ ದಕ್ಷಿಣ ಆಸ್ಟ್ರೇಲಿಯದ ಎಲಿಜಬೆತ್ ಅನ್ನುವ ಊರು ಸೋದರಿ ನಗರ, ಅದರ ಹೆಸರು ಕೆರೆಗೆ. ಆ ಊರಿಗೆ 1955ರಲ್ಲಿ ಇಟ್ಟದ್ದು ಮಾತ್ರ ರಾಣಿಯ ಹೆಸರೇ. ಕೆರೆಯಲ್ಲಿ ಕೆನಡಾ ಹೆಬ್ಬಾತುಗಳ ಹಿಂಡು. ದಾರಿ ತಮ್ಮಪ್ಪನದು ಅನ್ನುವಂತೆ ಅಡ್ಡ ನಿಲ್ಲುತ್ತವೆ, ತಳ್ಳುಗಾಡಿ ಬಂದರೂ ಜರುಗುವುದಿಲ್ಲ. ಅವುಗಳಿಗೆ ತಿಂಡಿ ಹಾಕಬಾರದೆಂದು ಬೋರ್ಡಿದೆ. ನಮ್ಮ ಕುಕ್ಕರಹಳ್ಳಿ ಕೆರೆಯ ಹಕ್ಕಿಗಳಿಗೆ ಇದಕ್ಕಿಂತ ಮರ್ಯಾದೆ ಗೊತ್ತು.

ಕೆರೆಯ ದಡದ ಬೆಂಚು ಅಜ್ಜಿಯರದು. ಗುಂಟೂರಿನಾಕೆ, ಕೊಯಮತ್ತೂರಿನಾಕೆ, ಸೂರತ್ತಿನಾಕೆ, ನಾನು, ಎಲ್ಲರ ಮುಂದೂ ಒಂದೊಂದು ತಳ್ಳುಗಾಡಿ. ಅಲ್ಲಿ ಹೆಸರು ಕೇಳುವ ಪದ್ಧತಿಯಿಲ್ಲ. ಮೊದಲ ಪ್ರಶ್ನೆ, ಮಗಳ ಮನೆಯೋ ಮಗನ ಮನೆಯೋ. ಎರಡನೆಯದು, ವಾಪಸ್ ಯಾವಾಗ. ಮೊದಲ ಪ್ರಶ್ನೆಯ ಉತ್ತರದ ಮೇಲೆ ಗಂಟಲಿನ ಮಟ್ಟ ನಿಗದಿಯಾಗುತ್ತದೆ. ಮಗಳ ಮನೆಗೆ ಬಂದವರು ಹೆಬ್ಬಾತು ಹಾರಿಹೋಗುವ ಹಾಗೆ ಮಾತಾಡಬಹುದು, ಅಡುಗೆ ಮನೆಯ ಡಬ್ಬಿಗಳನ್ನು ತಮಗೆ ಬೇಕಾದಂತೆ ಜೋಡಿಸಿದ್ದನ್ನು ಹೇಳಿಕೊಳ್ಳಬಹುದು. ಮಗನ ಮನೆಗೆ ಬಂದವರು ಸುತ್ತ ನೋಡಿ, ‘ನಮ್ಮ ಸೊಸೆ ಒಳ್ಳೆಯವಳು’ ಅಂತ ಶುರುಮಾಡುತ್ತಾರೆ. ‘ಆದರೆ’ ಬರಲು ಅರ್ಧ ಸುತ್ತು ಬೇಕು. ಹರಕು ಹಿಂದಿ, ಮುರುಕು ಇಂಗ್ಲಿಷು, ಮಿಕ್ಕದ್ದಕ್ಕೆ ಕೈ.

ಒಬ್ಬ ಚೀನಾದ ಅಜ್ಜಿಯೂ ಬರುತ್ತಿದ್ದರು. ಅವರಿಗೂ ನನಗೂ ಒಂದು ಪದವೂ ಸಮವಿಲ್ಲ. ಒಂದು ದಿನ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕುಡಿಯುತ್ತಾ ನನ್ನ ಕಡೆಗೂ ಒಂದು ಲೋಟ ಚಾಚಿದರು. ಶುಂಠಿ ವಾಸನೆ. ನಾನು ತಳ್ಳುಗಾಡಿ ತೋರಿಸಿ, ಹೊಟ್ಟೆ ತೋರಿಸಿ, ಆಸ್ಪತ್ರೆಯ ಮಗ್ಗಿನಲ್ಲಿ ಐಸು ಕಡಕಡ ಅಂದದ್ದನ್ನು ಅಭಿನಯಿಸಿದೆ. ಅವರು ಎರಡು ಕೈಯಲ್ಲೂ ಕೆನ್ನೆ ಹಿಡಿದುಕೊಂಡು ನಡುಗಿದರು. ಅವರ ಮಗಳಿಗೂ ಅದೇ ಆಗಿತ್ತು! ಚೀನಾದವರಿಗೂ ಒಂದು ತಿಂಗಳ ಬಾಣಂತನವಿದೆ, ತಣ್ಣೀರು ಮುಟ್ಟಿಸುವುದಿಲ್ಲ, ಶುಂಠಿ ಇಲ್ಲದೆ ಊಟವಿಲ್ಲ ಅಂತ ಆಮೇಲೆ ಮಗಳು ಓದಿ ಹೇಳಿದಳು. ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಬಾಣಂತಿಗೆ ಸಬ್ಬಸಿಗೆ ಸೊಪ್ಪು ಬೇಕಲ್ಲ. ಅಮೆರಿಕನ್ ಅಂಗಡಿಗಳಲ್ಲಿ ಅದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ 20 ಗ್ರಾಮಿನಷ್ಟು ಸಿಗುತ್ತದೆ, ಮೀನಿನ ಮೇಲೆ ಉದುರಿಸಲಿಕ್ಕೆ. ಒಂದು ಹೊತ್ತಿನ ಪಲ್ಯಕ್ಕೆ ಅಂಥ ಹತ್ತು ಡಬ್ಬಿ ಎತ್ತಿಟ್ಟಾಗ ಬಿಲ್ ಹಾಕುವ ಹುಡುಗಿ ಉಪ್ಪಿನಕಾಯಿ ಹಾಕ್ತೀರಾ ಅಂತ ಕೇಳಿದಳು. ಕಡೆಗೆ ದಾರಿ ತೋರಿಸಿದ್ದು ಸೂರತ್ತಿನಾಕೆ. ಫ್ರೀಮಾಂಟಿನ ಸೆಂಟರ್‌ವಿಲ್ ಭಾಗಕ್ಕೆ ಲಿಟಲ್ ಕಾಬೂಲ್ ಅಂತಲೇ ಹೆಸರು. ರಷ್ಯನ್ನರು ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಅಲ್ಲಿಂದ ಬಂದವರು ನೆಲೆಯೂರಿದ ಜಾಗ. ಅಲ್ಲಿಯ ಅಂಗಡಿಯಲ್ಲಿ ಸಬ್ಬಸಿಗೆ ತೋಳುದ್ದದ ಕಟ್ಟು! ನಾನು ಹೆಚ್ಚೇ ಸಂಭ್ರಮಪಟ್ಟಿರಬೇಕು. ಗಲ್ಲಾದ ಮುದುಕರು ಹಿಂದಿಯಲ್ಲಿ ಏನು ವಿಶೇಷ ಅಂದರು. ‘ಬೇಟಿ ಕಾ ಬಚ್ಚಾ’ ಅಂದೆ. ಇನ್ನೊಂದು ಕಟ್ಟು ಚೀಲಕ್ಕೆ ಹಾಕಿ, ದುಡ್ಡು ಬೇಡವೆಂದು ಕೈಯಾಡಿಸಿದರು. ಹಿಂಗು ನಮ್ಮ ದೇಶಕ್ಕೆ ಅವರ ಕಡೆಯಿಂದ ಬರುವುದು. ನಾನು ಮೈಸೂರಿನಿಂದ ಮೂರು ಪ್ಲಾಸ್ಟಿಕ್ ಸುತ್ತಿ ಅದನ್ನೇ ಹೊತ್ತುಕೊಂಡು ಬಂದಿದ್ದೆ.

ಮೈಸೂರಿನಲ್ಲಿ ಉಳಿದಿದ್ದ ನಮ್ಮನೆಯವರ ಕಥೆ ಚಿಕ್ಕದು. ಮೊದಲ ತಿಂಗಳು ದಿನಾ ವಿಡಿಯೊ ಕರೆ ಮಾಡಿ ಕೊತ್ತಂಬರಿ ಬೀಜ ಎಲ್ಲಿ, ಸಾರಿನ ಪುಡಿ ಯಾವುದು, ಇದು ಯಾವ ಬೇಳೆ ಅಂತ ಡಬ್ಬಿ ಎತ್ತಿ ತೋರಿಸುತ್ತಿದ್ದರು. ಎರಡನೇ ತಿಂಗಳು ಕರೆ ಕಮ್ಮಿಯಾಯಿತು. ಅಡುಗೆ ಕಲಿತರೇನೋ ಅಂದುಕೊಂಡೆ. ತಂಗಿ ಹೇಳಿದಳು, ಮೆಸ್ ಹಿಡಿದಿದ್ದಾರೆ.

ನವೆಂಬರ್ ಬಂತು. ಆ ತಿಂಗಳ ಮೊದಲ ಭಾನುವಾರ ನಸುಕಿನ ಎರಡು ಗಂಟೆಗೆ ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಇಡೀ ದೇಶ ಮಲಗಿರುತ್ತದೆ, ಪಾಳಿಯಲ್ಲಿದ್ದ ನಾನು ಕಣ್ಣಾರೆ ನೋಡಿದೆ: ಫೋನಿನಲ್ಲಿ 1:59 ಇದ್ದದ್ದು 1:00 ಆಯಿತು. ನನ್ನ ಎದೆ ಧಸಕ್ಕೆಂದಿತು. ಇನ್ನು ಮೈಸೂರು ಹದಿಮೂರೂವರೆ ಗಂಟೆ ಮುಂದೆ. ಇಲ್ಲಿಯ ಎರಡು ಅಂದರೆ ಅಲ್ಲಿಯ ಮೂರೂವರೆ. ಮೂರೂವರೆಗೆ ತಂಗಿ ಕಾಫಿಗೆ ಏಳುತ್ತಾಳೆ, ನಾಲ್ಕಕ್ಕೆ ಭಜನಾ ಮಂಡಳಿ. ನನ್ನ ಸಾಮ್ರಾಜ್ಯ ಮುಳುಗಿತು ಅಂದುಕೊಂಡು ಮಾರನೇ ರಾತ್ರಿ ಮಲಗಿದೆ. ಮಗು ಒಂದಕ್ಕೇ ಎದ್ದು ಅತ್ತಿತು. ಗಡಿಯಾರ ತಿರುಗಿಸಿದ್ದನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಸರಸ್ವತಿಪುರದಲ್ಲಿ ಸರಿಯಾಗಿ ಎರಡೂವರೆ.

ಫೆಬ್ರವರಿಯಲ್ಲಿ ನನ್ನ ಆರು ತಿಂಗಳು ಮುಗಿಯುತ್ತಾ ಬಂತು, ಬೀಗಿತ್ತಿ ಬಂದಿಳಿದರು. ಒಂದು ವಾರ ಇಬ್ಬರೂ ಒಟ್ಟಿಗಿದ್ದು ಚಾರ್ಜ್ ವಹಿಸಿಕೊಡುವುದು ಅಂತ ಮಗಳ ಏರ್ಪಾಡು. ಬಾಗಿಲ ಬಜೆ, ತೇಯುವ ಕಲ್ಲು, ಕೆರೆಯ ಬೆಂಚು, ಕಾಬೂಲಿನವರ ಅಂಗಡಿ, ಎಲ್ಲ ತೋರಿಸಿಕೊಟ್ಟೆ. ಎರೆಯುವುದನ್ನು ಬಿಟ್ಟುಕೊಡಲು ಮನಸ್ಸಾಗದೆ ಕಡೆಯ ದಿನದವರೆಗೂ ನಾನೇ ಎರೆದೆ. ರಾತ್ರಿಯ ಗುಟ್ಟನ್ನು ಅವರಿಗೆ ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಊಟದ ಮೇಜಿನಲ್ಲಿ ಅವರೇ ಬಾಯಿಬಿಟ್ಟರು: ‘ಅಕ್ಕಾರ, ರಾತ್ರಿ ಪಾಳಿ ಇನ್ನ ನನಗ ಬಿಡ್ರಿ. ನೀವು ಭಾಳ ದಣದೀರಿ.’ ಮಗಳ ಕಣ್ಣಲ್ಲಿ ಮತ್ತೆ ನೀರು. ಎಂಥ ಅಮ್ಮಂದಿರು ಸಿಕ್ಕಿದ್ದಾರೆ ನಮಗೆ ಅಂತ ಗಂಡನ ಕಡೆ ನೋಡಿದಳು. ನಾನು ತಟ್ಟೆ ನೋಡುತ್ತಾ ಸುಮ್ಮನೆ ಊಟ ಮಾಡಿದೆ. ಬೀಗಿತ್ತಿಗೆ ಧಾರವಾಡದಲ್ಲಿ ಮೂವರು ತಂಗಿಯರಿದ್ದಾರೆ. ಮೂವರ ಮನೆಯಲ್ಲೂ ಮಧ್ಯಾಹ್ನದ ಊಟ ಎರಡಕ್ಕೆಲ್ಲ ಮುಗಿಯುತ್ತದೆ.